ಹಾಲುವಾಣದ ಗೇಟು

ಗುಡ್ಡದ ಗೇಟು, ಬೂಗನ್‌ವಿಲ್ ದ್ವೀಪ
೯ ಆಗಸ್ಟ್ ೨೦೦೮

ಪ್ರೀತಿಯ ಥಿಯೊನಿಲಾ ಅಕ್ಕನಿಗೆ,

ತಮ್ಮ ಬ್ಲೇಸ್‌ನ ನೆನಪುಗಳು. ನಿನ್ನ ಕಾಗದ ಕೈಸೇರಿ ಎರಡು ಹುಣ್ಣಿಮೆ ಕಳೆದವು, ಬೈಯಬೇಡ. ಇಲ್ಲಿ ಮಂಜು ಇಳಿದರೆ ಮಧ್ಯಾಹ್ನ ಯಾವುದು, ಸಂಜೆ ಯಾವುದು ಗೊತ್ತಾಗುವುದಿಲ್ಲ. ಬರೆಯಲು ಕೂತವನು ಹಾಗೇ ಕನಸಿಗೆ ಜಾರುತ್ತೇನೆ.

ಒಡಿಲಿಯಾಳ ಮದುವೆ ಗೊತ್ತಾಯಿತೆಂದು ಓದಿ ಕುಣಿದಾಡಿದೆ. ನನ್ನ ಹೆಗಲ ಮೇಲೆ ಕೂತು ಕಿವಿ ಹಿಂಡುತ್ತಿದ್ದ ನಿನ್ನ ಮಗಳು! ಸೋದರಮಾವನಿಲ್ಲದೆ ಮದುವೆಯಿಲ್ಲ, ಬಂದೂಕು ಒಪ್ಪಿಸಿ ಇಳಿದು ಬಾ ಎಂದಿದ್ದೀಯ. ಹುಡುಗನ ತಂದೆ ಲಿನಸ್ ಎಂಬುದನ್ನು ಮಾತ್ರ ಒಂದೇ ಸಾಲಿನಲ್ಲಿ ಗೀಚಿದ್ದೀಯ. ನೀನು ಅವಸರದಲ್ಲಿ ಬರೆದರೆ ಏನೋ ನುಂಗಿಕೊಂಡಿದ್ದೀಯ ಎಂದೇ ಅರ್ಥ, ಚಿಕ್ಕಂದಿನಿಂದ ನೋಡಿದ್ದೇನೆ. ಯುದ್ಧದಲ್ಲಿ ಸರ್ಕಾರದ ಸೈನ್ಯದ ಜೊತೆ ಸೇರಿ ನಮ್ಮವರನ್ನು ಬೇಟೆಯಾಡಿದವನು ಅವನು. ಈಗ ಅವನ ಡಬ್ಬಿಯ ಸುಣ್ಣ ನಾನು, ನನ್ನ ಅಡಿಕೆ ಅವನು ಬಾಯಿಗೆ ಹಾಕಿಕೊಂಡರೆ ರಾಜಿಯಾಯಿತಂತೆ.

"ಅಲ್ಲಿ ಇನ್ನೂ ಏನು ಕಾಯ್ತಾ ಇದ್ದೀಯೋ?" ಎಂದು ಕೇಳಿದ್ದೀಯ. ಮೊದಲು, ಗಣಿ ನಮ್ಮ ನದಿಯನ್ನು ಕೆಡಿಸಿತೆಂದು ಬಂದೂಕು ಹಿಡಿದೆವು. ಆಮೇಲೆ ಸೈನ್ಯ ಊರು ಸುಟ್ಟಿತೆಂದು. ಆಮೇಲೆ ಪಕ್ಕದ ಊರಿನವರೂ ಹಿಡಿದರೆಂದು. ಗಣಿ ಮುಚ್ಚಿತು, ಸೈನ್ಯ ಹಡಗು ಹತ್ತಿತು, ಬಂದೂಕು ಮಾತ್ರ ಕೈಯಲ್ಲೇ ಉಳಿಯಿತು. ಗಣಿಯ ದಾರಿಗೆ ನಾವು ಅಡ್ಡ ಹಾಕಿದ ಈ ಗೇಟನ್ನು ನನ್ನ ಜೊತೆ ಕಾಯುವ ಕಾಸ್ಮಾಸ್ ನಗುತ್ತಾನೆ: "ಕೆಳಗೆ ಹೋದ್ರೆ ನಾನ್ಯಾರಪ್ಪಾ? ಗೆಣಸು ಅಗೆಯೋ ಮುದುಕ. ಇಲ್ಲಿ ಲಾರಿಯವ್ನೂ ಬಗ್ಗಿ 'ಕಮಾಂಡರೇ' ಅಂತಾನೆ!"

ಗೇಟಿಗೆಂದು ಅಂದು ನೆಟ್ಟ ಹಸಿ ಹಾಲುವಾಣದ ಕಂಬಗಳು ಬೇರು ಬಿಟ್ಟು ಮರಗಳಾಗಿವೆ ಅಕ್ಕಾ. ಈಗ ಮೈತುಂಬ ಕೆಂಪು ಹೂ, ಗಿಳಿಗಳ ಗಲಾಟೆ. ಅವುಗಳಡಿ ಮಲಗಿದರೆ ನಮ್ಮ ತಮ್ಮ ಫಿಡೆಲಿಸ್ ಕನಸಿಗೆ ಬರುತ್ತಾನೆ. ಅವನನ್ನು ಹಿಡಿದೊಯ್ದಾಗಿನ ಅದೇ ಎಳೇ ಮುಖ, ಮೊಣಕಾಲವರೆಗೂ ಒದ್ದೆ. "ಅಣ್ಣಾ, ಒಂಚೂರು ಸುಣ್ಣ ಕೊಡೋ" ಅನ್ನುತ್ತಾನೆ. "ಎಲ್ಲಿದ್ದೀಯೋ ಮಾರಾಯ?" ಅಂದರೆ ಹೂಗಳ ಕಡೆ ನೋಡುತ್ತಾನೆ. ಅಷ್ಟರಲ್ಲಿ ಎಚ್ಚರವಾಗುತ್ತದೆ.

ಒಡಿಲಿಯಾಳಿಗೆ ನನ್ನ ಆಶೀರ್ವಾದ. ನಮ್ಮಲ್ಲಿ ನೆಲ ಹೆಣ್ಣಿನದು. ಅವಳ ಮಕ್ಕಳು ಅದರ ಮೇಲೆ ಹೆದರಿಕೆಯಿಲ್ಲದೆ ಓಡಾಡಲಿ. ಮದುವೆ ಊಟದ ಹಂದಿ ನನ್ನದೇ, ಬೇರೆ ಯಾರಿಂದಲೂ ತರಿಸಬೇಡ.

ನಿನ್ನ ತಮ್ಮ,
ಬ್ಲೇಸ್

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಫಿಡೆಲಿಸ್‌ನನ್ನು ಎಳೆದೊಯ್ದವರಲ್ಲಿ ಲಿನಸ್ ಇದ್ದ, ನಿನಗೂ ಗೊತ್ತು. ಯಾರು ಹೊಡೆದರೆಂದು ಕೇಳುವುದಿಲ್ಲ. ಎಲ್ಲಿ ಹೂತರು, ಅಷ್ಟು ಹೇಳಲಿ. ಅವನ ಸುಣ್ಣ ನಾನೇ ಕೇಳಿ ಹಾಕಿಕೊಳ್ಳುತ್ತೇನೆ. ಈ ಬಂದೂಕಿನ ಕುದುರೆ ತುಕ್ಕು ಹಿಡಿದು ಎಷ್ಟೋ ಕಾಲವಾಯಿತು, ಗುಂಡು ಹಾರುವುದಿಲ್ಲ. ಕಾಸ್ಮಾಸ್‌ಗೂ ಹೇಳಿಲ್ಲ. ಆದರೆ ಇದು ಕೈಯಲ್ಲಿದೆಯೆಂದೇ ವರ್ಷಕ್ಕೊಮ್ಮೆಯಾದರೂ ಸಂಧಾನದವರು ಗುಡ್ಡ ಹತ್ತಿ ಬಂದು, "ನಿಮಗೇನು ಬೇಕು?" ಅನ್ನುತ್ತಾರೆ. "ನನ್ನ ತಮ್ಮ ಬೇಕು" ಅನ್ನುತ್ತೇನೆ. ಇದನ್ನು ಒಪ್ಪಿಸಿಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ ಅಕ್ಕಾ?