ಬೆಡ್‌ಶೀಟಿನ ಆ ತುದಿ ಹಿಡಿಯುವವರು

ಆಸ್ಪತ್ರೆಯ ಸಿಬ್ಬಂದಿ ಕ್ಷೇಮ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ಕೇಳಿದ ಪ್ರಶ್ನೆಗೆ ನಿಜ ಹೇಳಿದ ತಪ್ಪಿಗೆ ನಮ್ಮ ಲಾಂಡ್ರಿಯ ಹಿರಿಯ ಕೆಲಸಗಾರ್ತಿಯನ್ನು ಮನೆಗೆ ಕಳಿಸಿ ಇಂದಿಗೆ ಇಪ್ಪತ್ತಾರು ದಿನ. ಬರುವ ಸೋಮವಾರದೊಳಗೆ ಫಿಟ್‌ನೆಸ್ ಸರ್ಟಿಫಿಕೇಟ್ ತರದಿದ್ದರೆ ಅವರ ಕೆಲಸ ಬೇರೆಯವರಿಗೆ. ಸರ್ಟಿಫಿಕೇಟ್ ಕೊಡಬೇಕಾದ ನಿಮ್ಮದೇ ಮನೋವೈದ್ಯರು ಅವರನ್ನು ನೋಡಲು ಕೊಟ್ಟಿರುವ ದಿನ ಅದಾದ ಮೇಲಿನ ಗುರುವಾರ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಆದ್ದರಿಂದ ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಗೋಡೆಯ ಮೇಲೆ ‘ನೆಮ್ಮದಿಗೆ ಸರಳ ಅಭ್ಯಾಸಗಳು’ ಎಂಬ ನಿಮ್ಮ ಭಿತ್ತಿಪತ್ರವಿದೆ. ಆಗಾಗ ನೀರು ಕುಡಿಯಿರಿ ಎಂದಿದ್ದೀರಿ. ಕುಡಿಯುವ ನೀರಿಗೆ ಮೇಲಿನ ಮಹಡಿಗೆ ಹೋಗಬೇಕು, ಹೋಗಲು ಸೂಪರ್‌ವೈಸರ್ ತಲೆಯಾಡಿಸಬೇಕು. ಕಿಟಕಿಯಾಚೆ ಹಸಿರು ನೋಡಿ ಎಂದಿದ್ದೀರಿ. ನಮ್ಮ ಕಿಟಕಿಗಳಿಗೆ ಸುಣ್ಣ ಬಳಿಸಿದವರು ಯಾರು? ಇರಲಿ, ಅದನ್ನೆಲ್ಲ ನುಂಗಿಕೊಂಡಿದ್ದೇವೆ. ಕೊನೆಯ ಸಾಲು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ: ‘ದಿನಕ್ಕೆ ಹತ್ತು ನಿಮಿಷ ಆತ್ಮೀಯರೊಂದಿಗೆ ಮನಬಿಚ್ಚಿ ಮಾತನಾಡಿ.’

ನೀವು ಎಂದಾದರೂ ಬೆಡ್‌ಶೀಟ್ ಮಡಿಸಿದ್ದೀರಾ? ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು ಒಮ್ಮೆ ಜಾಡಿಸಬೇಕು. ಉದ್ದಕ್ಕೆ ಮಡಿಸಿ, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆಗಳನ್ನು ಕೈಯಿಂದ ಕೈಗೆ ಕೊಡಬೇಕು. ಹಾಗೆ ಕೊಡುವಾಗ ಮುಖ ನೋಡಲೇಬೇಕು. ದಿನಕ್ಕೆ ಮುನ್ನೂರು ಶೀಟು. ಹನ್ನೊಂದು ವರ್ಷ ನನ್ನ ಎದುರಿನ ತುದಿ ಹಿಡಿದವರು ನೀವು ಮನೆಗೆ ಕಳಿಸಿದ ಈ ಅಕ್ಕ. ಹೆತ್ತ ತಾಯಿಯ ಮುಖವನ್ನೂ ನಾನು ಅಷ್ಟು ಸಲ ನೋಡಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ತಮ್ಮ ತೀರಿಕೊಂಡ. ಅವರು ಸಾಕಿ ಬೆಳೆಸಿದ ತಮ್ಮ. ಐದನೇ ದಿನಕ್ಕೆ ಕೆಲಸಕ್ಕೆ ಬಂದರು. ಅರ್ಧ ದಿನ ಶೀಟು ಮಡಿಸಿದರು. ಆಮೇಲೆ ಒಂದು ಶೀಟಿನ ಮೂಲೆ ಕೊಡುತ್ತಾ, “ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ ಕಣೇ. ಒಳಗಿಡೋಕೂ ಆಗ್ತಿಲ್ಲ, ಎಸೆಯೋಕೂ ಆಗ್ತಿಲ್ಲ” ಎಂದರು. ನಾನು ಮೂಲೆ ಹಿಡಿದುಕೊಂಡೆ. ಮರುದಿನ ಇನ್ನೆರಡು ಮಾತು ಬಂತು. ಹೀಗೆ ಶೀಟಿಗೊಂದು ಮಾತಿನಂತೆ ಮಡಿಸುತ್ತಾ, ಎಂಟು ತಿಂಗಳಿಗೆ ಅಕ್ಕ ಮತ್ತೆ ನನ್ನ ಗೊರಕೆಯ ಗಂಡನನ್ನು ಗೇಲಿ ಮಾಡುವಷ್ಟು ಸುಧಾರಿಸಿದರು. ಯಾವ ಭಿತ್ತಿಪತ್ರವೂ ಇರಲಿಲ್ಲ.

ಆಮೇಲೆ ನಿಮ್ಮವರು ಒಬ್ಬೊಬ್ಬರಿಗೆ ಒಂದೊಂದು ಮೇಜು ಹಾಕಿಸಿದರು, ಗೋಡೆಗೆ ಮುಖ ಮಾಡಿ. ಶೀಟಿನ ಇನ್ನೊಂದು ತುದಿ ಹಿಡಿಯಲು ಕಬ್ಬಿಣದ ಕ್ಲಿಪ್. ಮಾತು ಕಡಿಮೆಯಾದರೆ ಕೆಲಸ ಹೆಚ್ಚಾಗುತ್ತದೆ ಎಂದು ಸೂಪರ್‌ವೈಸರ್ ವಿವರಿಸಿದರು. ಅದರ ಮರುವಾರವೇ ಮನಬಿಚ್ಚಿ ಮಾತನಾಡಲು ನಿಮ್ಮ ಉಪದೇಶ ಬಂತು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ ಅಲ್ಲವೇ? ಎರಡೇ ತಿಂಗಳಲ್ಲಿ ಅಕ್ಕ ಮಧ್ಯಾಹ್ನದ ಡಬ್ಬಿ ಬಿಚ್ಚುವುದನ್ನೂ ಬಿಟ್ಟರು.

ಆಗ ನಿಮ್ಮ ಮಾನಸಿಕ ಆರೋಗ್ಯದ ನಮೂನೆ ಬಂತು. ಅಕ್ಕನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಓದಿ ಹೇಳಿ ತುಂಬಿಕೊಟ್ಟವಳು ನಾನು. ಬೆಳಿಗ್ಗೆ ಏಳಲು ಮನಸ್ಸಾಗುವುದಿಲ್ಲವೇ? ಯಾವುದೂ ಬೇಡ ಎನಿಸುತ್ತದೆಯೇ? “ಎಲ್ಲಾದಕ್ಕೂ ಇಲ್ಲ ಅಂತ ಬರ್ದುಬಿಡು, ಯಾಕೆ ಬೇಕು” ಎಂದರು. ನಾನೇ ಬೇಡವೆಂದೆ. ‘ಉತ್ತರಗಳು ಗೌಪ್ಯ, ನಿಮಗೆ ನೆರವಾಗಲೆಂದೇ’ ಎಂದು ಮೇಲೆ ಅಚ್ಚಾಗಿತ್ತು, ನಂಬಿದೆ. ಅವರ ಬಾಯಿಂದ ನಿಜ ಹೊರಡಿಸಿ, ನನ್ನ ಕೈಯಾರೆ ನಾಲ್ಕು ಕಡೆ ‘ಹೌದು’ ಎಂದು ಬರೆದೆ. ಆಮೇಲೆ ನನ್ನ ನಮೂನೆ ತುಂಬಿದೆ, ಎಲ್ಲದಕ್ಕೂ ‘ಇಲ್ಲ’.

ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾಲ್ಕನೇ ದಿನ ಆದೇಶ ಬಂತು: ‘ನೌಕರರ ಹಿತದೃಷ್ಟಿಯಿಂದ ಕಡ್ಡಾಯ ವಿಶ್ರಾಂತಿ.’ ಮಾತಿಲ್ಲದೆ ಸೊರಗಿದವರನ್ನು ಮಾತಾಡಲು ಯಾರೂ ಇಲ್ಲದ ಮನೆಗೆ ಕಳಿಸುವುದು ಯಾವ ಹಿತ, ಮಾನ್ಯರೇ?

ಹೋದ ಭಾನುವಾರ ನೋಡಲು ಹೋಗಿದ್ದೆ. ಹಗಲಲ್ಲೂ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಿನ್ ನಮೂನೇಲಿ ಏನಂತ ಬರ್ದೆ?” ಎಂದು ಕೇಳಿದರು. ನಾನು ಸೆರಗಿನ ತುದಿ ಮಡಿಸತೊಡಗಿದೆ, ಅವರಿಗೆ ತಿಳಿಯಿತು. ಎದ್ದು ಹೋಗಿ ನನಗೆ ನೀರು ತಂದುಕೊಟ್ಟರು. ಆ ಲೋಟ ಹಿಡಿಯಲು ನನಗೆ ನಾಚಿಕೆಯಾಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ಅಕ್ಕನನ್ನು ಕೆಲಸಕ್ಕೆ ಕರೆಯಿರಿ. ವೈದ್ಯರನ್ನು ಗುರುವಾರವೇ ನೋಡಲಿ, ಕೆಲಸ ಕಳೆದುಕೊಂಡಲ್ಲ, ಕೆಲಸದಲ್ಲಿದ್ದುಕೊಂಡು. ಮೇಜುಗಳನ್ನು ಗೋಡೆಯಿಂದ ಸರಿಸಿ, ಶೀಟಿಗೆ ಇಬ್ಬರನ್ನು ನಿಲ್ಲಿಸಿ. ಭಿತ್ತಿಪತ್ರ ಬೇಕಾದರೆ ಅಲ್ಲೇ ಇರಲಿ.

ಮೊನ್ನೆ ಈ ತಿಂಗಳ ನಮೂನೆ ಬಂದಿದೆ. ನನ್ನದನ್ನು ತುಂಬಿ ಇದರೊಂದಿಗೆ ಲಗತ್ತಿಸಿದ್ದೇನೆ. ನಾಲ್ಕು ಕಡೆಯೂ ‘ಹೌದು’ ಎಂದಿದೆ. ಹೋದ ತಿಂಗಳೂ ಅದೇ ನಿಜವಾಗಿತ್ತು, ಬರೆಯುವ ಧೈರ್ಯ ಮಾತ್ರ ಇರಲಿಲ್ಲ. ಈಗ ನನ್ನನ್ನೂ ಮನೆಗೆ ಕಳಿಸುವುದಾದರೆ ಕಳಿಸಿ. ನಾನು ನೇರ ಅಕ್ಕನ ಮನೆಗೆ ಹೋಗುತ್ತೇನೆ. ಅಲ್ಲೂ ಮಡಿಸಲು ಒಂದೆರಡು ಬೆಡ್‌ಶೀಟ್ ಇದ್ದೇ ಇರುತ್ತವೆ.

ಇಂತಿ,
ಕಬ್ಬಿಣದ ಕ್ಲಿಪ್ಪಿನ ಜೊತೆ ಮಾತಾಡಲು ಕಲಿಯದವಳು,
ಲಾಂಡ್ರಿ, ಮೂರನೇ ಮೇಜು