ಗಡಿಯಾಚೆಗೆ ಅಟ್ಟಿದ ಆನೆಗಳು

೧೯ ನವೆಂಬರ್ ೨೦೨೪
ಡೇರಿಗೆ ಹಾಲು ಹಾಕಿ ಬಂದೆ. ನಿನ್ನೆಯೂ ಅದೇ ಕಥೆ. ಆನೆ ಹಿಂಡು ರಾಗಿಗೆ ಇಳಿಯಿತು, ಪಟಾಕಿ ಹೊಡೆದು ಆಂಧ್ರದ ಗಡಿ ದಾಟಿಸಿದೆವು. ಇನ್ನು ಅವರ ತಲೆನೋವು. ಆದರೆ ಪ್ರತಿ ಸಲವೂ ಎರಡೇ ದಿನಕ್ಕೆ ಅದೇ ಹಿಂಡು ಹಾಜರ್! ಹೋದ ವರ್ಷ ಈ ಗಲಾಟೆಯಲ್ಲೇ ತಮ್ಮ ನಾಗೇಶನ ಕಾಲು ಮುರಿಯಿತು. ಈ ಸಲ ಹಿಂಡಿನಲ್ಲಿ ಮರಿ ಬೇರೆ. ತಾಯಿ ಕೆರಳಿದರೆ ಹೆಣ ಬೀಳುತ್ತದೆ... ಭಯ ಆಗುತ್ತಿದೆ.

೩೦ ಜನವರಿ ೨೦೨೫
ಕೀನ್ಯಾಕ್ಕೆ ಹೋಗಲು ಅನುಮತಿ ಬಂತು. ನೈರೋಬಿಯಲ್ಲಿ ಕಾಡು ಉಳಿಸುವ ಸಮ್ಮೇಳನವಂತೆ. ಬಂಗಾರಪೇಟೆಯ ಸಂಸ್ಥೆಯವರು ಕಾಡಂಚಿನ ರೈತ ಅಂತ ನನ್ನ ಹೆಸರು ಕೊಟ್ಟಿದ್ದಾರೆ. ಹೆಂಡತಿ ರಾಧಳಿಗೆ ನಗುವೋ ನಗು. "ಆನೆ ಇರೋದು ಕಾಮಸಮುದ್ರದಾಗೆ, ನೀನು ಓಗೋದು ಆಫ್ರಿಕಾಕ್ಕಾ? ಟೀ ಕುಡ್ದು ಬತ್ತೀಯ, ಅಷ್ಟೇಯ."
ಇರಬಹುದು. ಆದರೂ ರಾಬರ್ಟ್‌ಸನ್‌ಪೇಟೆಯಲ್ಲಿ ಶೂ ತಗೊಂಡೆ.

೧೧ ಫೆಬ್ರವರಿ, ನೈರೋಬಿ
ಬೆಳಗ್ಗೆಯೆಲ್ಲ ಭಾಷಣ. ತೂಕಡಿಸಿದೆ. ಮಧ್ಯಾಹ್ನ ಗುಂಪು ಚರ್ಚೆ — ಗಡಿ ದಾಟುವ ಪ್ರಾಣಿಗಳ ಬಗ್ಗೆ. ನಮ್ಮ ಪಟಾಕಿ ಸಾಹಸವನ್ನು ಜಂಬದಿಂದಲೇ ಹೇಳಿದೆ. ಎದುರಿನ ಹೆಂಗಸು ಎದ್ದೇ ನಿಂತು ತೆಲುಗಿನಲ್ಲಿ ಕೇಳಿದಳು.
"ಮಾ ವೈಪು ತೋಲೇದಿ ಮೀರೇನಾ?"
ನಮ್ಮ ಕಡೆ ಅಟ್ಟೋರು ನೀವೇನಾ ಅಂತ! ನರಸಮ್ಮ. ಗಡಿಯಾಚೆಯ ಊರಿನವಳು. ಅವರೂ ಪಟಾಕಿ ಹೊಡೆದು ನಮ್ಮತ್ತ ಅಟ್ಟುತ್ತಿದ್ದರಂತೆ. ಕೋಣೆಯೆಲ್ಲ ನಕ್ಕಿತು. ನನಗೆ ನಾಚಿಕೆ.
ಕೀನ್ಯಾದ ಹಿರಿಯರೊಬ್ಬರು ಹೇಳಿದರು, "ಎರಡೂ ಕಡೆಯವರು ಒಟ್ಟಿಗೆ ಸುಮ್ಮನಾಗಿ. ಆನೆ ತನ್ನ ದಾರಿ ಹಿಡಿಯುತ್ತದೆ."

೧೨ ಫೆಬ್ರವರಿ
ಸಮ್ಮೇಳನಕ್ಕೆ ಬಂದಿದ್ದ ಎರಡೂ ರಾಜ್ಯದ ಅರಣ್ಯಾಧಿಕಾರಿಗಳು ಒಂದೇ ಮೇಜಿಗೆ. ಪಟಾಕಿ ಬಂದ್, ಹಳ್ಳದ ದಾರಿ ಆನೆಗೆ ಬಿಡುವುದು, ಕಾವಲು ಜಂಟಿ. ಇಷ್ಟು ದೇಶದವರ ಮುಂದೆ ಒಪ್ಪಿದ ಮೇಲೆ ಜಾರಿಕೊಳ್ಳುವ ಹಾಗಿಲ್ಲ. ಊರಲ್ಲಿ ಯಾರು ಕರೆದರೂ ಇವರು ಒಟ್ಟಿಗೆ ಕೂತವರಲ್ಲ. ಟೀಯೂ ಚೆನ್ನಾಗಿತ್ತು.

೧೪ ನವೆಂಬರ್ ೨೦೨೫, ಸಂಜೆ
ನರಸಮ್ಮನ ವಾಟ್ಸಾಪ್ — ಹಿಂಡು ನಮ್ಮತ್ತ ಹೊರಟಿದೆ, ಮರಿಯೂ ಇದೆ. ನಮ್ಮವರ ಕೈ ಪಟಾಕಿಗೆ ತವಕಿಸುತ್ತಿದೆ. ಪಕ್ಕದ ಹೊಲದ ಬಚ್ಚಪ್ಪ ಅಂತೂ, "ರಾಗಿ ಓದ್ರೆ ನೀನು ಕೊಡ್ತೀಯೇನ್ಲಾ?" ಕೊಡ್ತೀನಿ ಅಂದೆ. ಪಟಾಕಿ ಚೀಲದ ಮೇಲೆ ನಾನೇ ಕೂತಿದ್ದೇನೆ.

೧೫ ನವೆಂಬರ್, ಬೆಳಗ್ಗೆ
ಗೆದ್ದೆವು! ಹಳ್ಳದ ದಾರಿಯಲ್ಲೇ ನಡೆದು ಈಗಷ್ಟೇ ಕಾಡಿನಂಚು ಸೇರಿವೆ. ಅಂಚಿನ ರಾಗಿ ಒಂದಿಷ್ಟು ತುಳಿದಿವೆ, ಹೋಗಲಿ. ಯಾರಿಗೂ ಒಂದು ಗೀರಿಲ್ಲ. ನಾಗೇಶ ಕುಂಟುತ್ತಲೇ ಕುಣಿದ. ರಾಧ, "ಆ ಟೀಗೆ ಮೋಸ ಇಲ್ಲ ಬುಡು" ಅಂದಳು. ನರಸಮ್ಮ ಫೋನಿನಲ್ಲಿ ಮೊದಲು ಕೇಳಿದ್ದೇ ಮರಿಯ ಬಗ್ಗೆ. ತಾಯಿಯ ಕಾಲಡಿಯಲ್ಲೇ ಹೋಯಿತು ಅಂದೆ. ಆ ಕಡೆ ಊರಿಗೂರೇ ಕೂಗಿದ್ದು ಕೇಳಿಸಿತು. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.
ಹೊರಗೇನೋ ಗದ್ದಲ... ಬಚ್ಚಪ್ಪ ಪಟಾಕಿ ಚೀಲ ಹೊತ್ತು ಹೊರಟಿದ್ದಾನೆ. ಗೆದ್ದ ಖುಷಿಗೆ ಹೊಡೀತಾನಂತೆ! ಅಯ್ಯೋ, ಲೇ, ತಡೀಲಾ—