ಅರ್ಥವಾಯಿತೆಂದ ಮೂವತ್ತೆಂಟು ಮಂದಿ

ಗುರುವಾರ, ಬೆಳಗಿನ ಪಾಳಿ ಮುಗಿದ ಮೇಲೆ

ನನ್ನ ಪುಟ್ಟಿಗೆ,

ದೇವರ ದಯದಿಂದ ಚೆನ್ನಾಗಿದ್ದೇನೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನ್ನ ಹತ್ತಿರ ಬಿಟ್ಟುಹೋದ ರೋಗಿಗಳ ಆ ನಲವತ್ತು ಒಪ್ಪಿಗೆ ಪತ್ರಗಳನ್ನು ಶನಿವಾರದೊಳಗೆ ಕಳಿಸು, ಪ್ರಬಂಧದ ಜೊತೆ ಕೊಡಬೇಕು ಎಂದಿದ್ದೀಯ. ಕಳಿಸುವುದಿಲ್ಲ. ದೇವರ ಗೂಡಿನಲ್ಲಿ, ದೀಪದ ಹಿಂದೆ ಇಟ್ಟಿದ್ದೇನೆ. ಸಿಟ್ಟಿನಲ್ಲಿ ಇದನ್ನು ಹರಿಯುವ ಮುಂಚೆ ಪೂರ್ತಿ ಓದು.

ಡಾಕ್ಟರು ಹೇಳಿದ್ದು ರೋಗಿಗಳಿಗೆ ಎಷ್ಟು ತಿಳಿಯುತ್ತದೆ ಅನ್ನುವುದು ನಿನ್ನ ಸಂಶೋಧನೆ. ಒಳ್ಳೆಯದೇ. ಅನ್ವಯಿಕ ಭಾಷಾವಿಜ್ಞಾನ ಅನ್ನುವ ಹೆಸರು ನನ್ನ ನಾಲಿಗೆಗೆ ಹೊರಳದಿದ್ದರೇನು, ಇಪ್ಪತ್ತೆರಡು ವರ್ಷದಿಂದ ಆ ಡಾಕ್ಟರ ಬಾಗಿಲ ಹೊರಗೆ ನೆಲ ಒರೆಸುತ್ತಿರುವ ಆಯಾ ನಾನು. ನೀನು ಬೆಂಚಿನ ಮೇಲೆ ಕುಳಿತು, ಪೆನ್ನು ಹಿಡಿದು, ಒಬ್ಬೊಬ್ಬರನ್ನೂ "ಡಾಕ್ಟರ್ ಹೇಳಿದ್ದು ಅರ್ಥ ಆಯ್ತಾ?" ಎಂದು ಕೇಳಿದೆ. ಮೂವತ್ತೆಂಟು ಮಂದಿ ಆಯಿತು ಎಂದರು. ಗುರುತು ಹಾಕಿಕೊಂಡೆ. ನಿನ್ನ ಗೈಡ್ ಮೇಡಂ ಬಹಳ ಚೆನ್ನಾಗಿ ಬಂದಿದೆ ಎಂದರಂತೆ.

ಪೆನ್ನು ಹಿಡಿದವರ ಮುಂದೆ ಯಾರಮ್ಮ ಇಲ್ಲ ಅನ್ನುತ್ತಾರೆ? ನೀನು ಬಸ್ಸಿಗೆ ಓಡಿದ ಮೇಲೆ ಅದೇ ಹೆಂಗಸರು ನನ್ನ ಬಕೆಟ್ಟಿನ ಸುತ್ತ ನಿಂತು, "ಆಯಮ್ಮಾ, ಅವರೇನಂದ್ರು, ಸ್ವಲ್ಪ ಬಿಡಿಸಿ ಹೇಳಿ" ಅನ್ನುತ್ತಿದ್ದರು. ಅವತ್ತೇ ನಿನಗೆ ಫೋನಿನಲ್ಲಿ ಹೇಳಿದೆ. ನೀನು, "ಅಮ್ಮಾ, ನೀನು ಮಧ್ಯೆ ಬಾಯಿ ಹಾಕ್ಬೇಡ, ನನ್ನ ಮಾಹಿತಿ ಕೆಡುತ್ತೆ" ಎಂದೆ. ಕೆಡುವುದಕ್ಕೆ ಅದು ಮೊದಲು ನೆಟ್ಟಗಿರಬೇಕಲ್ಲ, ಮಗಳೇ.

ನಿನ್ನ ಒಪ್ಪಿಗೆ ಪತ್ರ ಎರಡು ಪುಟ. ಅವರಲ್ಲಿ ಯಾರೂ ಓದಲಿಲ್ಲ. ಹೆದರಿ ಹಿಂದೆ ಸರಿದಾಗ ನಾನೇ, "ದೇವರಾಣೆ, ಇದರಿಂದ ನಿಮಗೆ ಒಳ್ಳೇದೇ ಆಗುತ್ತೆ" ಎಂದೆ. ಅವರು ಹೆಬ್ಬೆಟ್ಟು ಒತ್ತಿದ್ದು ನಿನ್ನ ಪತ್ರಕ್ಕಲ್ಲ, ನನ್ನ ಆಣೆಗೆ. ಈಗ ನೀನು ಎಲ್ಲರಿಗೂ ತಿಳಿಯುತ್ತದೆ ಎಂದು ಅಚ್ಚು ಹಾಕಿಸಿದರೆ, ಡಾಕ್ಟರು ಇನ್ನೂ ಬೇಗ ಬೇಗ ಹೇಳಿ ಮುಂದಿನವರನ್ನು ಕರೆಯುತ್ತಾರೆ. ನಿನ್ನ ಪದವಿ ಒಂದು ವರ್ಷ ತಡವಾದರೆ ಆಗಲಿ. ದೇವರ ಮುಂದೆ ನಾನು ಸುಳ್ಳುಗಾತಿ ಆಗಲಾರೆ.

ಈ ವಾರ ಮತ್ತೆ ತೋರಿಸಿಕೊಳ್ಳಲು ಬಂದ ಹನ್ನೊಂದು ಮಂದಿಯನ್ನು ನಾನೇ ಕೇಳಿದೆ. ಅರ್ಥವಾಯಿತೇ ಎಂದು ಕೇಳಲಿಲ್ಲ. "ಮನೆಗೆ ಹೋಗಿ ನಿಮ್ಮತ್ತೆಗೆ ಏನಂತ ಹೇಳಿದ್ರಿ?" ಎಂದೆ. ಎಂಟು ಮಂದಿ ತಪ್ಪು ಹೇಳಿದರು. ಒಬ್ಬಾಕೆ ಕಣ್ಣಿಗೆ ಬಿಡುವ ಔಷಧಿಯನ್ನು ಹದಿನೈದು ದಿನ ಕಿವಿಗೆ ಬಿಟ್ಟುಕೊಂಡಿದ್ದಳು. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ದೊಡ್ಡ ಸಿಸ್ಟರ್, "ನಿನಗ್ಯಾಕೆ ಈ ಉಸಾಬರಿ, ನೆಲ ಒರೆಸು" ಎಂದರು. ನೆಲ ಒರೆಸುತ್ತಲೇ ಮಿಕ್ಕವರನ್ನು ಕೇಳಿದೆ.

ಸೋಮವಾರ ಬಾ. ಪೆನ್ನು ಚೀಲದಲ್ಲೇ ಇರಲಿ. ಮೊದಲು ಆ ಒಪ್ಪಿಗೆ ಪತ್ರವನ್ನು ಅವರಿಗೆ ಬಾಯಲ್ಲಿ ಹೇಳು, ಬೇಡ ಅಂದವರನ್ನು ಬಿಟ್ಟುಬಿಡು. ನಾನು ಕೇಳಿದ ಹಾಗೆ ಇಬ್ಬರನ್ನು ಕೇಳಿ ನೋಡು, ಪ್ರಶ್ನೆ ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ತಿದ್ದು, ಆಮೇಲೆ ಉಳಿದವರು. ಆಯಾಗೆ ಸಂಶೋಧನೆ ಏನು ಗೊತ್ತು ಎಂದು ನಿನ್ನ ಮೇಡಂ ಕೇಳಿದರೆ ಅವರನ್ನೂ ಕರೆದುಕೊಂಡು ಬಾ. ಒಂದು ಗಂಟೆ ಬಕೆಟ್ಟಿನ ಪಕ್ಕ ನಿಲ್ಲಲಿ.

ದೇವರು ನಿನಗೆ ಧೈರ್ಯ ಕೊಡಲಿ. ನನಗೆ ಸಾಕಷ್ಟು ಕೊಟ್ಟಿದ್ದಾನೆ.

ಇಂತಿ,
ಬಗ್ಗದ ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ನಾಚಿಕೆಯಾಗಿತ್ತು. ಆ ಹನ್ನೊಂದು ಮಂದಿಯನ್ನು ಕೇಳುವ ಮುಂಚೆ ಆ ಪ್ರಶ್ನೆಯನ್ನು ನನಗೇ ಹಾಕಿಕೊಂಡು ನೋಡಿದೆ. ನನ್ನ ಬಿ.ಪಿ. ಮಾತ್ರೆಯ ಬಗ್ಗೆ ಮಗಳಿಗೆ ಏನಂತ ಹೇಳಲಿ? ತಲೆ ಸುತ್ತಿದ ದಿನ ಒಂದು ನುಂಗುವುದು, ಅಷ್ಟೇ. ಅನುಮಾನ ಬಂದು ಡಾಕ್ಟರನ್ನು ಕೇಳಿದೆ. ದಿನಾ ನುಂಗಬೇಕಂತೆ. ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ. ಅರ್ಥವಾಯಿತು ಎಂದು ನಾನೂ ತಲೆಯಾಡಿಸಿದ್ದೆನಂತೆ.